ನಲವತ್ತು ಕಿಲೋಮೀಟರಿನ ಕೊನೆಯ ಮೂರು ಮೀಟರು

೧೯೯೪ನೆಯ ಇಸವಿ ಫೆಬ್ರವರಿ ೨೨. ನಾರ್ವೆ ದೇಶದ ಲಿಲ್ಲೆಹಾಮರ್ ಪಟ್ಟಣದ ಮೇಲಣ ಬೆಟ್ಟಗಳಲ್ಲಿ, ಹಿಮ ಮುಸುಕಿದ ಕಾಡಿನ ನಡುವೆ, ಲಕ್ಷದಷ್ಟು ಜನ ಕೊರೆಯುವ ಚಳಿಯಲ್ಲಿ ನಿಂತಿದ್ದರು. ಚಳಿಗಾಲದ ಒಲಿಂಪಿಕ್ ಕ್ರೀಡಾಕೂಟದಲ್ಲಿ ಅಂದು ಪುರುಷರ ಸ್ಕೀ ರಿಲೇ ಪಂದ್ಯ. ಪಾದಗಳಿಗೆ ನೀಳವಾದ ತೆಳು ಹಲಗೆಗಳನ್ನು ಬಿಗಿದುಕೊಂಡು, ಎರಡು ಕೈಗಳಲ್ಲಿ ಎರಡು ಊರುಗೋಲುಗಳನ್ನು ಹಿಡಿದು, ಹಿಮದ ಮೇಲೆ ಜಾರುತ್ತ ಸಾಗುವ ಈ ವಿದ್ಯೆ ನಾರ್ವೆಯ ಜನರಿಗೆ ಕೇವಲ ಆಟವಲ್ಲ. ಚಳಿಗಾಲದಲ್ಲಿ ಊರಿಂದೂರಿಗೆ ಹೋಗಲು ಅವರ ಪೂರ್ವಿಕರಿಗಿದ್ದ ದಾರಿಯೇ ಅದು. ಎರಡು ವರ್ಷಗಳ ಹಿಂದೆ ಇದೇ ಪಂದ್ಯವನ್ನು ಗೆದ್ದಿದ್ದ ತಮ್ಮ ತಂಡವು ತಮ್ಮ ನೆಲದಲ್ಲಿಯೇ ಸೋಲಬಹುದೆಂದು ಎಣಿಸಿದವರು ಆ ಗುಂಪಿನಲ್ಲಿ ವಿರಳವಾಗಿದ್ದರು.

ಪಂದ್ಯ ಮುಗಿದಾಗ ಇಟಲಿಯ ತಂಡಕ್ಕೆ ಹಿಡಿದ ಕಾಲ ೧ ಗಂಟೆ ೪೧ ನಿಮಿಷ ೧೫.೦ ಸೆಕೆಂಡು, ನಾರ್ವೆಯ ತಂಡಕ್ಕೆ ೧ ಗಂಟೆ ೪೧ ನಿಮಿಷ ೧೫.೪ ಸೆಕೆಂಡು. ನಲವತ್ತು ಕಿಲೋಮೀಟರ್ ದೂರ ಬೆಟ್ಟ ಹತ್ತಿ ಇಳಿದ ಬಳಿಕ ಎರಡು ತಂಡಗಳ ನಡುವೆ ಉಳಿದದ್ದು ಕೇವಲ ೦.೪ ಸೆಕೆಂಡು, ಎಂದರೆ ಸುಮಾರು ಮೂರು ಮೀಟರಿನ ಅಂತರ. ಹದಿನೈದು ಸಾವಿರದಲ್ಲಿ ಒಂದು ಪಾಲು!

ಇದೊಂದು ಅಪರೂಪದ ಆಕಸ್ಮಿಕವೆಂದು ಹೇಳಿ ಮುಗಿಸಿಬಿಡಬಹುದಾಗಿತ್ತು. ಆದರೆ ನಾಲ್ಕು ವರ್ಷಗಳ ಬಳಿಕ, ೧೯೯೮ರಲ್ಲಿ, ಜಪಾನಿನ ನಾಗಾನೊದಲ್ಲಿ ಇದೇ ಎರಡು ದೇಶಗಳು ಮತ್ತೆ ಎದುರಾದುವು, ನಾರ್ವೆ ೦.೨ ಸೆಕೆಂಡಿನಿಂದ ಗೆದ್ದಿತು. ೨೦೦೨ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಕೂಟದಲ್ಲಿ ಪುನಃ ಅವೇ ಎರಡು ದೇಶಗಳು, ನಾರ್ವೆಗೆ ೦.೩ ಸೆಕೆಂಡಿನ ಗೆಲುವು. ಮೂರು ಪಂದ್ಯಗಳಲ್ಲಿ ಗೆದ್ದವರು ತೆಗೆದುಕೊಂಡ ಕಾಲವನ್ನು ಕೂಡಿದರೆ ಸುಮಾರು ನಾಲ್ಕು ಗಂಟೆ ಐವತ್ತೈದು ನಿಮಿಷವಾಗುತ್ತದೆ. ಮೂರು ಅಂತರಗಳನ್ನು ಕೂಡಿದರೆ ಒಂದು ಸೆಕೆಂಡೂ ಆಗದು. ಒಮ್ಮೆ ಆದದ್ದನ್ನು ಆಕಸ್ಮಿಕವೆನ್ನೋಣ. ಮೂರು ಬಾರಿ ಆದುದಕ್ಕೆ ಕಾರಣವನ್ನು ಹುಡುಕಬೇಕಾಗುತ್ತದೆ. ಆ ಕಾರಣವು ಹಿಮ, ಗಾಳಿ ಮತ್ತು ಮನುಷ್ಯನ ಸ್ನಾಯು ಈ ಮೂರರಲ್ಲಿಯೂ ಅಡಗಿದೆ. ಒಂದೊಂದಾಗಿ ನೋಡೋಣ.

ಪಂದ್ಯದ ಸ್ವರೂಪ

ಪ್ರತಿ ತಂಡದಲ್ಲಿಯೂ ನಾಲ್ವರು. ಅಂದಿನ ನಿಯಮದಂತೆ ಒಬ್ಬೊಬ್ಬನೂ ಹತ್ತು ಕಿಲೋಮೀಟರ್ ಸಾಗಬೇಕು. ಓಟದ ರಿಲೇಯಲ್ಲಿರುವಂತೆ ಇಲ್ಲಿ ಕೈಯಿಂದ ಕೈಗೆ ಕೋಲನ್ನು ದಾಟಿಸುವುದಿಲ್ಲ. ಗುರುತು ಹಾಕಿದ ಒಂದು ಆವರಣದೊಳಗೆ, ಬಂದವನು ಹೊರಡುವವನ ಮೈಯನ್ನು ಕೈಯಿಂದ ಮುಟ್ಟಿದರೆ ಸರದಿ ಬದಲಾದಂತೆ. ಎಲ್ಲ ತಂಡಗಳ ಮೊದಲಿಗರೂ ಒಟ್ಟಿಗೇ ಹೊರಡುತ್ತಾರೆ. ಈ ಕೊನೆಯ ಅಂಶವನ್ನು ವಾಚಕರು ಮರೆಯದಿರಬೇಕು. ಆ ಕಾಲದ ಒಂಟಿ ಪಂದ್ಯಗಳಲ್ಲಿ ಹೆಚ್ಚಿನವು ಗಡಿಯಾರದೊಡನೆ ನಡೆಯುವ ಸ್ಪರ್ಧೆಗಳು. ಒಬ್ಬೊಬ್ಬನೂ ಅರ್ಧ ನಿಮಿಷ ಬಿಟ್ಟು ಹೊರಡುತ್ತಿದ್ದನು. ರಿಲೇಯಲ್ಲಾದರೋ ಸ್ಪರ್ಧಿಗಳು ಒಬ್ಬರ ಬೆನ್ನಿಗೆ ಒಬ್ಬರು ಇರುತ್ತಾರೆ.

ಒಲಿಂಪಿಕ್ ಕೂಟದಲ್ಲಿ ಪುರುಷರ ಈ ರಿಲೇ ಮೊದಲು ನಡೆದುದು ೧೯೩೬ರಲ್ಲಿ, ಜರ್ಮನಿಯ ಗಾರ್ಮಿಷ್-ಪಾರ್ಟೆನ್‌ಕಿರ್ಖೆನ್‌ನಲ್ಲಿ. ಅಂದು ಫಿನ್‌ಲೆಂಡಿನ ತಂಡವು ೨ ಗಂಟೆ ೪೧ ನಿಮಿಷ ೩೩ ಸೆಕೆಂಡುಗಳಲ್ಲಿ ಗುರಿ ಮುಟ್ಟಿ, ನಾರ್ವೆಯನ್ನು ಆರು ಸೆಕೆಂಡುಗಳಿಂದ ಸೋಲಿಸಿತು. ಈ ಅಂಕಿಯನ್ನು ೧೯೯೪ರ ಅಂಕಿಯ ಪಕ್ಕದಲ್ಲಿ ಇಟ್ಟು ನೋಡಿದರೆ ಬೆರಗಾಗುತ್ತದೆ. ಅದೇ ನಲವತ್ತು ಕಿಲೋಮೀಟರಿಗೆ ಐವತ್ತೆಂಟು ವರ್ಷಗಳಲ್ಲಿ ಸರಿಯಾಗಿ ಒಂದು ಗಂಟೆಯಷ್ಟು ಕಾಲ ಕಡಿಮೆಯಾಗಿದೆ! ಎರಡು ಊರುಗಳ ಏರಿಳಿತಗಳು ಒಂದೇ ಅಲ್ಲವೆಂಬುದು ನಿಜ. ಅಷ್ಟರಿಂದಲೇ ಒಂದು ಗಂಟೆ ಉಳಿಯಲಾರದು. ಮನುಷ್ಯನ ಹೃದಯ ಶ್ವಾಸಕೋಶಗಳೂ ಅರ್ಧ ಶತಮಾನದಲ್ಲಿ ಅಷ್ಟೊಂದು ಬದಲಾಗಲಾರವು. ಬದಲಾದದ್ದು ಮುಖ್ಯವಾಗಿ ಹಲಗೆಗೂ ಹಿಮಕ್ಕೂ ಇರುವ ಸಂಬಂಧ.

ಹಿಮ ಏಕೆ ಜಾರುತ್ತದೆ?

ಮರಳಿನ ಮೇಲೆ ಹಲಗೆ ಜಾರದು, ಹಿಮದ ಮೇಲೆ ಜಾರುತ್ತದೆ. ಏಕೆ? ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ಕೊಟ್ಟ ಉತ್ತರ ಸರಳವಾಗಿತ್ತು. ಒತ್ತಡ ಹೆಚ್ಚಿದಂತೆ ಹಿಮಗಡ್ಡೆಯ ಕರಗುವ ಉಷ್ಣತೆ ಇಳಿಯುತ್ತದೆ. ಆದುದರಿಂದ ಮನುಷ್ಯನ ಭಾರಕ್ಕೆ ಹಲಗೆಯ ಅಡಿಯ ಹಿಮ ಕರಗಿ ನೀರಾಗುತ್ತದೆ. ಆ ನೀರಿನ ಮೇಲೆ ಹಲಗೆ ಜಾರುತ್ತದೆ. ಕೇಳಲು ಸೊಗಸಾದ ಈ ವಿವರಣೆಯನ್ನು ಲೆಕ್ಕಕ್ಕೆ ಇಳಿಸಿ ನೋಡೋಣ.

೭೫ ಕಿಲೋಗ್ರಾಂ ತೂಕದವನು ಒಂದೇ ಸ್ಕೀಯ ಮೇಲೆ ನಿಂತಿದ್ದಾನೆಂದಿಟ್ಟುಕೊಳ್ಳೋಣ. ಅದರ ಉದ್ದ ಸುಮಾರು ೨ ಮೀಟರು, ಅಗಲ ಸುಮಾರು ನಾಲ್ಕೂವರೆ ಸೆಂಟಿಮೀಟರು. ಅವನ ಭಾರವು ಈ ವಿಸ್ತಾರದ ಮೇಲೆ ಹರಡಿದಾಗ ಉಂಟಾಗುವ ಒತ್ತಡ, ನಮ್ಮ ಮೇಲೆ ಸದಾ ಇರುವ ವಾಯುಮಂಡಲದ ಒತ್ತಡದ ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಒಂದು ವಾಯುಮಂಡಲದಷ್ಟು ಒತ್ತಡ ಏರಿದರೆ ಕರಗುವ ಉಷ್ಣತೆಯು ಒಂದು ಡಿಗ್ರಿಯ ಸಾವಿರ ಭಾಗಗಳಲ್ಲಿ ಏಳೂವರೆ ಭಾಗದಷ್ಟು ಇಳಿಯುತ್ತದೆ. ಆದಕಾರಣ ಸ್ಕೀಯ ಅಡಿಯಲ್ಲಿ ಆಗುವ ಇಳಿತ ಡಿಗ್ರಿಯ ಸಾವಿರದಲ್ಲಿ ಒಂದು ಭಾಗವೂ ಆಗದು. ಹಿಮದ ಹರಳುಗಳ ತುದಿಗಳು ಮಾತ್ರ ಹಲಗೆಗೆ ತಾಗುತ್ತವೆಂದು ಒಪ್ಪಿ, ಒತ್ತಡವನ್ನು ನೂರು ಪಾಲು ಹೆಚ್ಚಿಸಿದರೂ ಡಿಗ್ರಿಯ ಹತ್ತರಲ್ಲಿ ಒಂದು ಭಾಗವನ್ನು ಮುಟ್ಟುವುದಿಲ್ಲ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿರುವ ಹಿಮವನ್ನು ಇದು ಕರಗಿಸುವುದೆಂತು?

೧೯೩೯ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ಬೇರೊಂದು ಉತ್ತರವನ್ನು ಮುಂದಿಟ್ಟರು. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾಯೋಖ್ ಎಂಬ ಎತ್ತರದ ಶಿಖರಪ್ರದೇಶದಲ್ಲಿ, ಹಿಮದಲ್ಲಿ ಕೊರೆದ ಗುಹೆಯಲ್ಲಿ ಪ್ರಯೋಗ ಮಾಡಿ, ಹಿಮವನ್ನು ಕರಗಿಸುವುದು ಒತ್ತಡವಲ್ಲ, ಉಜ್ಜಾಟದ ಶಾಖವೆಂದು ಅವರು ತೋರಿಸಿದರು. ಚಳಿಯಲ್ಲಿ ಕೈಗಳನ್ನು ಉಜ್ಜಿಕೊಂಡರೆ ಬಿಸಿಯಾಗುವುದಲ್ಲವೆ? ಅದೇ ತತ್ತ್ವ.

ಎಷ್ಟು ನೀರು ಉಂಟಾಗಬಹುದು? ಒಳ್ಳೆಯ ಹಿಮದ ಮೇಲೆ ಘರ್ಷಣೆಯು ಭಾರದ ನೂರರಲ್ಲಿ ಮೂರು ಪಾಲಿನಷ್ಟಿರುತ್ತದೆ. ೭೫ ಕಿಲೋಗ್ರಾಮಿಗೆ ಎರಡೂಕಾಲು ಕಿಲೋಗ್ರಾಂ ಭಾರದಷ್ಟು ಎಳೆತ. ಒಂದು ಮೀಟರ್ ಜಾರಿದಾಗ ಹುಟ್ಟುವ ಶಾಖ ೨೨ ಜೌಲ್. ಒಂದು ಗ್ರಾಂ ಹಿಮ ಕರಗಲು ೩೩೪ ಜೌಲ್ ಬೇಕು. ಅಂದಮೇಲೆ ಇಡೀ ಶಾಖವೂ ಹಿಮವನ್ನು ಕರಗಿಸಲೆಂದೇ ವಿನಿಯೋಗವಾದರೂ ಸ್ಕೀಯ ಜಾಡಿನಲ್ಲಿ ಉಂಟಾಗುವ ನೀರಿನ ಪೊರೆಯ ದಪ್ಪ, ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಸುಮಾರು ಒಂದೂವರೆ ಭಾಗ. ಕಣ್ಣಿಗೆ ಕಾಣದ, ಬೆರಳಿಗೆ ತಿಳಿಯದ ಈ ಪೊರೆಯ ಮೇಲೆಯೇ ಇಡೀ ಪಂದ್ಯ ನಡೆಯುತ್ತದೆ. ಹಿಮದ ಮೇಲ್ಮೈಯ ಅಣುಗಳು ಕರಗುವ ಮುನ್ನವೇ ಸಡಿಲವಾಗಿರುವುದೂ ಜಾರಿಕೆಗೆ ನೆರವಾಗುತ್ತದೆಂದು ಈಚಿನ ಸಂಶೋಧನೆಗಳು ತಿಳಿಸುತ್ತವೆ.

ಪೊರೆ ತೀರ ತೆಳುವಾದರೆ ಹಿಮದ ಹರಳುಗಳು ಹಲಗೆಯನ್ನು ಗೀರುತ್ತವೆ. ಅತಿ ಚಳಿಯಲ್ಲಿ ಹಿಮವು ಮರಳಿನಂತಾಗುತ್ತದೆಂದು ಧ್ರುವಪ್ರದೇಶದ ಪ್ರವಾಸಿಗಳು ನೊಂದು ಬರೆದಿರುವುದು ಇದರಿಂದಲೇ. ಪೊರೆ ದಪ್ಪವಾದರೆ ಒದ್ದೆ ಗಾಜುಗಳೆರಡು ಅಂಟಿಕೊಳ್ಳುವಂತೆ ನೀರು ಹಲಗೆಯನ್ನು ಹೀರಿ ಹಿಡಿಯುತ್ತದೆ. ಅಂತೆಯೇ ಅಂದಂದಿನ ಹಿಮವನ್ನು ಪರೀಕ್ಷಿಸಿ, ಅದಕ್ಕೆ ತಕ್ಕ ಗಡಸಿನ ಮೇಣವನ್ನು ಹಲಗೆಯ ಅಡಿಗೆ ಸವರುವ ಕುಶಲಿಗಳು ಪ್ರತಿ ತಂಡದಲ್ಲಿಯೂ ಇರುತ್ತಾರೆ. ೧೯೩೬ರಲ್ಲಿ ಸ್ಕೀಗಳು ಮರದವು. ೧೯೭೪ರಲ್ಲಿ ಸ್ವೀಡನ್ನಿನ ಫಾಲುನ್‌ನಲ್ಲಿ ನಡೆದ ವಿಶ್ವಸ್ಪರ್ಧೆಯ ೩೦ ಕಿಲೋಮೀಟರ್ ಪಂದ್ಯವನ್ನು ಗಾಜಿನ ನೂಲಿನಿಂದ ಬಲಪಡಿಸಿದ ಪ್ಲಾಸ್ಟಿಕ್ ಸ್ಕೀಗಳನ್ನು ತೊಟ್ಟವನು ಗೆದ್ದನು. ಕೆಲವೇ ವರ್ಷಗಳಲ್ಲಿ ಮರದ ಸ್ಕೀಗಳು ಸ್ಪರ್ಧೆಗಳಿಂದ ಮಾಯವಾದವು. ಅಡಿಯಲ್ಲಿ ಮರದ ಬದಲು ನೀರನ್ನು ಹತ್ತಿಸಿಕೊಳ್ಳದ ಪಾಲಿಎಥಿಲೀನ್ ಬಂದಿತು. ಜಾಡನ್ನು ಜನರು ತುಳಿದು ಮಾಡುವುದಕ್ಕೆ ಬದಲಾಗಿ ಯಂತ್ರಗಳು ಸಮಮಾಡತೊಡಗಿದವು.

ಹಿಡಿತ ಮತ್ತು ಜಾರಿಕೆ

ಇಲ್ಲೊಂದು ವಿರೋಧವಿದೆ. ಬರಿಯ ಜಾರಿಕೆಯಿಂದ ಮುಂದೆ ಹೋಗಲಾಗದು. ನೆಲವನ್ನು ಹಿಂದಕ್ಕೆ ತಳ್ಳಿದಾಗಲಷ್ಟೆ ನೆಲವು ನಮ್ಮನ್ನು ಮುಂದಕ್ಕೆ ತಳ್ಳುತ್ತದೆಂಬುದು ನ್ಯೂಟನ್ನನ ಮೂರನೆಯ ನಿಯಮ. ತಳ್ಳಲು ಹಿಡಿತ ಬೇಕು. ಸಾಗಲು ಜಾರಿಕೆ ಬೇಕು. ಒಂದೇ ಹಲಗೆಯಲ್ಲಿ ಇವೆರಡೂ ಹೇಗೆ ಸಾಧ್ಯ?

ಸಾಂಪ್ರದಾಯಿಕ ಶೈಲಿಯಲ್ಲಿ ಇದಕ್ಕೆ ಮಾಡಿದ ಉಪಾಯ ಜಾಣ್ಮೆಯದು. ಸ್ಕೀಯು ಬಿಲ್ಲಿನಂತೆ ನಡುವೆ ಕೊಂಚ ಮೇಲಕ್ಕೆ ಬಾಗಿರುತ್ತದೆ. ಜಾರುವಾಗ ತುದಿಗಳು ಮಾತ್ರ ಹಿಮಕ್ಕೆ ತಾಗುತ್ತವೆ. ಕಾಲನ್ನು ಬಲವಾಗಿ ಅದುಮಿದಾಗ ನಡುಭಾಗವೂ ತಾಗಿ, ಅಲ್ಲಿ ಸವರಿದ ಅಂಟುಮೇಣ ಹಿಮವನ್ನು ಕಚ್ಚಿ ಹಿಡಿಯುತ್ತದೆ. ಆ ಒಂದು ಕ್ಷಣ ಸ್ಕೀ ನಿಶ್ಚಲವಾಗಿ ನಿಲ್ಲಬೇಕು. ಅಷ್ಟರೊಳಗೆ ತಳ್ಳಿ ಮುಗಿಸಬೇಕು. ವೇಗ ಹೆಚ್ಚಿದಂತೆ ಈ ಕ್ಷಣ ಚಿಕ್ಕದಾಗುತ್ತದೆ. ವೇಗಕ್ಕೆ ಇದೇ ಮಿತಿಯಾಗುತ್ತದೆ.

೧೯೮೦ರ ದಶಕದ ಮೊದಲಲ್ಲಿ ಅಮೆರಿಕದ ಬಿಲ್ ಕೋಖ್ ಮೊದಲಾದವರಿಂದ ಇನ್ನೊಂದು ಶೈಲಿ ಬಳಕೆಗೆ ಬಂದಿತು. ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡುವವನಂತೆ ಸ್ಕೀಯನ್ನು ಓರೆಯಾಗಿರಿಸಿ, ಅದರ ಅಂಚಿನಿಂದ ಪಕ್ಕಕ್ಕೆ ತಳ್ಳುವುದು. ಇಲ್ಲಿ ತಳ್ಳುವ ಸ್ಕೀ ನಿಲ್ಲಬೇಕಾಗಿಲ್ಲ, ಜಾರುತ್ತಿರುವಾಗಲೇ ತಳ್ಳಬಹುದು. ಅಂಟುಮೇಣದ ಅಗತ್ಯವೇ ಇಲ್ಲ. ಈ ಶೈಲಿ ಎಷ್ಟು ವೇಗದ್ದಾಯಿತೆಂದರೆ, ಹಳೆಯದನ್ನು ಉಳಿಸುವ ಸಲುವಾಗಿ ನಿಯಮವನ್ನೇ ಮಾಡಬೇಕಾಯಿತು. ೧೯೯೨ರಿಂದ ಒಲಿಂಪಿಕ್ ರಿಲೇಯಲ್ಲಿ ಮೊದಲ ಇಬ್ಬರು ಸಾಂಪ್ರದಾಯಿಕ ಶೈಲಿಯಲ್ಲಿಯೂ ಕೊನೆಯ ಇಬ್ಬರು ಸ್ವೇಚ್ಛೆಯ ಶೈಲಿಯಲ್ಲಿಯೂ ಸಾಗುತ್ತಾರೆ. ವೇಗ ಹೆಚ್ಚಿದಂತೆ, ಅದುವರೆಗೆ ಮರೆಯಲ್ಲಿದ್ದ ಇನ್ನೊಬ್ಬ ಎದುರಾಳಿ ಮುಂದೆ ಬಂದನು. ಅವನೇ ಗಾಳಿ.

ಗಾಳಿ ಕಟ್ಟಿದ ಹಗ್ಗ

ಇಟಲಿಯ ತಂಡದ ಸರಾಸರಿ ವೇಗ ಗಂಟೆಗೆ ೨೩.೭ ಕಿಲೋಮೀಟರು. ಈ ವೇಗದಲ್ಲಿ ಸಮತಟ್ಟಾದ ದಾರಿಯಲ್ಲಿ ಸಾಗುವವನನ್ನು ಗಾಳಿಯು ಸುಮಾರು ೧.೪ ಕಿಲೋಗ್ರಾಂ ಭಾರದಷ್ಟು ಬಲದಿಂದ ತಡೆಯುತ್ತದೆಂದು ಲೆಕ್ಕ ಹಾಕಬಹುದು. ಹಿಮದ ಘರ್ಷಣೆ ಎರಡೂಕಾಲು ಕಿಲೋಗ್ರಾಂ ಎಂದು ಆಗಲೇ ಕಂಡೆವಷ್ಟೆ. ಗಾಳಿಯ ತಡೆ ಅದರ ಅರ್ಧಕ್ಕಿಂತಲೂ ಹೆಚ್ಚು! ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುವುದರಿಂದ ಇಳಿಜಾರಿನಲ್ಲಿ ಅದೇ ಪ್ರಧಾನವಾಗುತ್ತದೆ.

ಮುಂದಿರುವವನು ಗಾಳಿಯನ್ನು ಸೀಳುತ್ತಾನೆ. ಅವನ ಬೆನ್ನಿಗೆ ಅಂಟಿಕೊಂಡು ಬರುವವನಿಗೆ ತಡೆಯು ಸುಮಾರು ಕಾಲುಭಾಗ ಕಡಿಮೆಯಾಗುತ್ತದೆ. ಎಂದರೆ ಸುಮಾರು ೩೫೦ ಗ್ರಾಂ ಭಾರದಷ್ಟು ಉಳಿತಾಯ. ಹತ್ತು ಕಿಲೋಮೀಟರಿನ ಉದ್ದಕ್ಕೂ ಇಷ್ಟು ಉಳಿದರೆ, ದೇಹದ ಲೆಕ್ಕದಲ್ಲಿ ಅದು ಎರಡು ಚಮಚ ಸಕ್ಕರೆಯ ಶಕ್ತಿ. ಅಲ್ಪವೆಂದು ನಗಬೇಡಿ. ಆ ಪಂದ್ಯದ ೦.೪ ಸೆಕೆಂಡಿನ ಅಂತರವು ಎಷ್ಟು ಎಳೆತಕ್ಕೆ ಸಮ? ನಾಲ್ವರ ದಾರಿಯುದ್ದಕ್ಕೂ ಹಂಚಿ ನೋಡಿದರೆ ಒಂದು ಗ್ರಾಂ ಭಾರಕ್ಕಿಂತ ಹೆಚ್ಚಾಗದು. ಒಂದು ಗ್ರಾಮಿನಿಂದ ಸೋಲು ಗೆಲುವು ತೀರ್ಮಾನವಾಗುವಲ್ಲಿ ೩೫೦ ಗ್ರಾಂ ಎಂಬುದು ದೊಡ್ಡ ಐಶ್ವರ್ಯ.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಸಮಬಲರಾದ ಇಬ್ಬರಲ್ಲಿ ಹಿಂದಿರುವವನನ್ನು ಕಳಚಿಕೊಳ್ಳುವುದು ಮುಂದಿರುವವನಿಂದ ಆಗದು. ಕಡಿಮೆ ಶ್ರಮದಿಂದಲೇ ಅವನು ಹಿಂಬಾಲಿಸುತ್ತಾನೆ. ಆದರೆ ಹಿಂದಿರುವವನೂ ಮುಂದೆ ಹೋಗಲಾರ. ಹೋದೊಡನೆಯೇ ಗಾಳಿಯ ಹೊರೆ ಅವನ ಹೆಗಲಿಗೆ ಬೀಳುತ್ತದೆ. ಹೀಗೆ ಗಾಳಿಯು ಇಬ್ಬರನ್ನೂ ಕಾಣದ ಹಗ್ಗದಿಂದ ಕಟ್ಟಿಹಾಕುತ್ತದೆ. ಈ ಹಗ್ಗ ಸಡಿಲವಾಗುವುದು ಏರುದಾರಿಯಲ್ಲಿ ಮಾತ್ರ. ಅಲ್ಲಿ ವೇಗ ಇಳಿದು ಗಾಳಿಯ ತಡೆ ನಗಣ್ಯವಾಗುತ್ತದೆ, ಗುರುತ್ವದೊಡನೆಯೇ ಹೋರಾಟ. ತಪ್ಪಿಸಿಕೊಳ್ಳಬೇಕೆನ್ನುವವನು ಏರಿನಲ್ಲಿಯೇ ತಪ್ಪಿಸಿಕೊಳ್ಳಬೇಕು.

ಕೊನೆಯ ಹತ್ತು ಕಿಲೋಮೀಟರು

ಈಗ ಲಿಲ್ಲೆಹಾಮರಿಗೆ ಮರಳೋಣ. ಇಟಲಿಯ ಪರವಾಗಿ ಮೊದಲು ಹೊರಟವನು ಮಾವುರಿಲಿಯೊ ಡೆ ಜೋಲ್ಟ್, ವಯಸ್ಸು ೪೩. ಅವನ ಬಳಿಕ ಮಾರ್ಕೊ ಅಲ್ಬರೆಲ್ಲೊ, ಆಮೇಲೆ ಜಾರ್ಜೊ ವಾಂಜೆಟ್ಟ. ನಾರ್ವೆಯ ಪರವಾಗಿ ಸ್ಟೂರೆ ಸಿವರ್ಟ್‌ಸೆನ್, ವೆಗಾರ್ಡ್ ಉಲ್ವಾಂಗ್, ಥಾಮಸ್ ಆಲ್ಸ್‌ಗಾರ್ಡ್. ಮೂವತ್ತು ಕಿಲೋಮೀಟರ್ ಕಳೆದಾಗ ಎರಡು ತಂಡಗಳೂ ಬಹುತೇಕ ಒಟ್ಟಾಗಿಯೇ ಇದ್ದವು. ಕೊನೆಯ ಸರದಿ ನಾರ್ವೆಯ ಬಿಯೋರ್ನ್ ಡೇಲಿಯದು, ಇಟಲಿಯ ಸಿಲ್ವಿಯೊ ಫೌನರನದು.

ಡೇಲಿ ಅಂದಿನ ಸ್ಕೀಗಾರರಲ್ಲಿ ಅಗ್ರಗಣ್ಯ. ೧೯೯೨ರಿಂದ ೧೯೯೮ರವರೆಗಿನ ಮೂರು ಒಲಿಂಪಿಕ್ ಕೂಟಗಳಲ್ಲಿ ಒಟ್ಟು ಎಂಟು ಚಿನ್ನದ ಪದಕಗಳನ್ನು ಗೆದ್ದವನು. ಅವನ ಬೆನ್ನಿಗೆ ಫೌನರ್ ಅಂಟಿಕೊಂಡನು. ಡೇಲಿ ದಾರಿ ಮಾಡುತ್ತ ಹೋದನು. ಫೌನರ್ ಅವನ ನೆರಳಿನಂತೆ ಹಿಂದೆ ಬಂದನು. ನಾರ್ವೆಯವನು ವೇಗವನ್ನು ತಗ್ಗಿಸಿ ಎದುರಾಳಿಯನ್ನು ಮುಂದೆ ಕಳುಹಿಸಲು ನೋಡಿದರೂ ಇಟಲಿಯವನು ಆ ಆಹ್ವಾನವನ್ನು ಒಪ್ಪಲಿಲ್ಲ. ಏರುಗಳಲ್ಲಿಯೂ ಅವನು ಬಿಟ್ಟುಕೊಡಲಿಲ್ಲ. ಕೊನೆಗೆ ಉಳಿದುದು ಕೆಲವು ಸೆಕೆಂಡುಗಳ ಧಾವಂತ.

ಆ ಧಾವಂತದ ರಹಸ್ಯ ಸ್ನಾಯುಗಳಲ್ಲಿದೆ. ದೀರ್ಘ ಓಟದಲ್ಲಿ ಸ್ನಾಯುಗಳು ಆಮ್ಲಜನಕದ ನೆರವಿನಿಂದ ಶಕ್ತಿಯನ್ನು ಪಡೆಯುತ್ತವೆ. ದೇಹದ ತೂಕದ ಒಂದೊಂದು ಕಿಲೋಗ್ರಾಮಿಗೂ ನಿಮಿಷಕ್ಕೆ ೮೦ ಮಿಲಿಲೀಟರಿಗಿಂತ ಹೆಚ್ಚು ಆಮ್ಲಜನಕವನ್ನು ಬಳಸಬಲ್ಲ ಶಕ್ತಿ ಉತ್ತಮ ಸ್ಕೀಗಾರರಿಗಿರುತ್ತದೆ. ಸಾಧಾರಣ ತರುಣನಲ್ಲಿ ಇದು ನಲವತ್ತು ಐವತ್ತರ ಸುಮಾರಿನಲ್ಲಿರುತ್ತದೆ. ಅದಕ್ಕೂ ಮೀರಿದ ಬಲ ಬೇಕಾದಾಗ ಸ್ನಾಯುವು ಆಮ್ಲಜನಕವಿಲ್ಲದೆಯೇ ಸಕ್ಕರೆಯನ್ನು ಒಡೆಯುತ್ತದೆ. ಕ್ರಿಯಾಟಿನ್ ಫಾಸ್ಫೇಟ್ ಎಂಬ ಸಂಗ್ರಹವನ್ನೂ ಖರ್ಚುಮಾಡುತ್ತದೆ. ಪೂರ್ಣ ಬಲದಿಂದ ಓಡಿದರೆ ಈ ಸಂಗ್ರಹ ಹತ್ತು ಸೆಕೆಂಡಿನಷ್ಟರಲ್ಲಿ ಬರಿದಾಗುತ್ತದೆ. ಸ್ನಾಯುವಿನೊಳಗೆ ಆಮ್ಲೀಯತೆಯೂ ಫಾಸ್ಫೇಟೂ ಹೆಚ್ಚಿ ಅದು ಸೋಲುತ್ತದೆ. ಗಾಳಿಯ ಮರೆಯಲ್ಲಿ ಬಂದವನು ಈ ತುರ್ತು ಭಂಡಾರವನ್ನು ಮುಟ್ಟದೆ ಉಳಿಸಿಕೊಂಡಿರುತ್ತಾನೆ. ಮುಂದಿದ್ದವನು ಅದರಿಂದ ಸ್ವಲ್ಪ ಸ್ವಲ್ಪವೇ ಸಾಲ ತೆಗೆದಿರುತ್ತಾನೆ.

ಫೌನರ್ ತನ್ನ ಭಂಡಾರವನ್ನು ಕೊನೆಗೆ ತೆರೆದನು. ಗುರಿಗೆರೆಯನ್ನು ಅವನು ದಾಟಿದಾಗ ಡೇಲಿ ಮೂರು ಮೀಟರ್ ಹಿಂದಿದ್ದನು. ಅಷ್ಟು ದೊಡ್ಡ ಜನಸಮೂಹ ಮೌನವಾಯಿತು.

ನಾಲ್ಕು ವರ್ಷಗಳ ಬಳಿಕ ನಾಗಾನೊದಲ್ಲಿ ಇದೇ ಪಾಠವನ್ನು ನಾರ್ವೆ ಇಟಲಿಗೆ ಹಿಂದಿರುಗಿಸಿತು. ಕೊನೆಯ ಸರದಿಯಲ್ಲಿ ಮತ್ತೆ ಫೌನರನೇ ಇದ್ದನು. ಈ ಸಲ ಅವನ ಬೆನ್ನಿಗೆ ಆಲ್ಸ್‌ಗಾರ್ಡ್ ಅಂಟಿಕೊಂಡು ಬಂದು, ಕೊನೆಯ ನೇರ ದಾರಿಯಲ್ಲಿ ಹಿಂದಿಕ್ಕಿ, ೦.೨ ಸೆಕೆಂಡಿನಿಂದ ಗೆದ್ದನು. ಗಾಳಿಗೆ ದೇಶದ ಪಕ್ಷಪಾತವಿಲ್ಲ.

ಜಾರಿಕೆಗೆ ತೆತ್ತ ಬೆಲೆ

ವಿಜ್ಞಾನವು ಕೊಟ್ಟ ವೇಗಕ್ಕೆ ಬೆಲೆಯೂ ಉಂಟು. ಆ ಒಂದು ಗ್ರಾಂ ಎಳೆತವನ್ನೂ ಉಳಿಸುವ ಹಂಬಲದಿಂದ ಮೇಣಕ್ಕೆ ಫ್ಲೂರಿನ್ ಸೇರಿದ ವಸ್ತುಗಳನ್ನು ಬೆರೆಸುವುದು ರೂಢಿಯಾಯಿತು. ನೀರನ್ನು ದೂರ ತಳ್ಳುವುದರಲ್ಲಿ ಅವಕ್ಕೆ ಸಮನಾದುದಿಲ್ಲ. ಆದರೆ ಇಂಗಾಲಕ್ಕೂ ಫ್ಲೂರಿನ್ನಿಗೂ ಇರುವ ಬಂಧ ಎಷ್ಟು ಬಲವಾದುದೆಂದರೆ, ಆ ವಸ್ತುಗಳು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಕೊಳೆಯದೆ ಉಳಿದುಬಿಡುತ್ತವೆ. ಮೇಣವನ್ನು ಕಾಯಿಸಿ ಸವರುವ ಕುಶಲಿಗಳ ರಕ್ತದಲ್ಲಿ ಅವು ಸಾಮಾನ್ಯ ಜನರಲ್ಲಿರುವುದಕ್ಕಿಂತ ಬಹಳ ಹೆಚ್ಚಾಗಿ ಕಂಡುಬಂದವು. ಆದಕಾರಣ ೨೦೨೩-೨೪ರ ಚಳಿಗಾಲದಿಂದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅವುಗಳ ಬಳಕೆ ನಿಷಿದ್ಧವಾಗಿದೆ. ಕೆಲವು ಸೆಕೆಂಡುಗಳ ಲಾಭಕ್ಕಾಗಿ ಮುಂದಿನವರ ನೀರನ್ನು ಕೆಡಿಸಬಾರದೆಂಬ ಈ ತೀರ್ಮಾನ ಸರಿಯಾದುದೆಂದೇ ನಮ್ಮ ಅಭಿಪ್ರಾಯ.

ಪಂದ್ಯದ ದೂರವೂ ಬದಲಾಗಿದೆ. ೨೦೨೫ರಲ್ಲಿ ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಪುರುಷರಿಗೂ ಮಹಿಳೆಯರಿಗೂ ಸಮನಾಗಿ, ಒಬ್ಬೊಬ್ಬರಿಗೆ ಏಳೂವರೆ ಕಿಲೋಮೀಟರಿನ ರಿಲೇಯನ್ನು ಏರ್ಪಡಿಸಲಾಯಿತು. ದೂರ ಕಡಿಮೆಯಾದರೂ ಹಿಮದ ಪೊರೆ ಅದೇ, ಗಾಳಿಯ ಹಗ್ಗ ಅದೇ.

ಎದುರುಗಾಳಿಯ ದಿನ ಗೆಳೆಯರೊಡನೆ ಸೈಕಲ್ಲಿನ ಮೇಲೆ ಹೋಗುವಾಗ ವಾಚಕರು ಇದನ್ನು ತಾವೇ ಪರೀಕ್ಷಿಸಬಹುದು. ಮುಂದಿನವನ ಹಿಂದೆ ಸ್ವಲ್ಪ ದೂರ ಸಾಗಿ, ಬಳಿಕ ತಾವು ಮುಂದೆ ಬಂದು ನೋಡಿದರೆ ಎದೆಗೆ ಬಡಿಯುವ ಗಾಳಿಯೇ ವ್ಯತ್ಯಾಸವನ್ನು ಹೇಳುತ್ತದೆ. ಕಾಲಮಾಪಕವು ಮೊದಲು ಬಂದವನ ಹೆಸರನ್ನು ಮಾತ್ರ ಬರೆದುಕೊಳ್ಳುತ್ತದೆ. ದಾರಿಯುದ್ದಕ್ಕೂ ಗಾಳಿಯನ್ನು ಹೊತ್ತವನ ಶ್ರಮವನ್ನು ಬರೆದುಕೊಳ್ಳುವುದಿಲ್ಲ. ಅದನ್ನು ಲೆಕ್ಕ ಹಾಕಿ ತಿಳಿಯುವ ಕೆಲಸ ನಮ್ಮದು.